ಈ ತಿಂಗಳ ಓದು: ಊರೊಳಗಿನ ಪತ್ತೇದಾರಿ

ಎಲ್ಲರಿಗೂ ನಮಸ್ಕಾರ. ಶಿರಸಿ ಮಳೆ ಬಿಡುವ ಲಕ್ಷಣ ಇಲ್ಲ, ಕರೆಂಟೂ ಹೋಗಿ ಬಂದು ಮಾಡ್ತಿದೆ. ಹಾಗಾಗಿ ಭಾರದ ಪುಸ್ತಕ ಬೇಡ, ಸಣ್ಣ ಊರಿನ ಹಗುರ ಪತ್ತೇದಾರಿ ಕಾದಂಬರಿ ಓದೋಣ. ಪೊಲೀಸರಿಗಿಂತ ಮೊದಲು ಪಕ್ಕದ ಮನೆ ಅಜ್ಜಿಗೆ ಸುಳಿವು ಸಿಗುತ್ತದಲ್ಲ, ಆ ನಮೂನೆಯವು. ಕೊಲೆ ಆಗುತ್ತದೆ, ಆದರೆ ಓದಿದ ಮೇಲೆ ಊಟ ಸೇರುತ್ತದೆ.

ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಮೊದಲ ಸಲ ಕಾದಂಬರಿಗೆ ಬಂದಿದ್ದು 1930ರಲ್ಲಿ. ಹೆಣಿಗೆ ಹಾಕುತ್ತ ಕೂತ ಮುದುಕಿ. ಯಾರ ಮೇಲಾದರೂ ಅನುಮಾನ ಬಂದರೆ, ತನ್ನ ಹಳ್ಳಿಯಲ್ಲಿ ಇಂಥವನೇ ಯಾರಿದ್ದ ಎಂದು ನೆನಪು ಮಾಡಿಕೊಳ್ಳುತ್ತಾಳೆ. ಅರ್ಧ ಕೆಲಸ ಅಲ್ಲೇ ಮುಗಿಯಿತು. ನಮ್ಮಲ್ಲಿ ಜಗುಲಿ ಮೇಲೆ ಕವಳ ಹಾಕುತ್ತ ಕೂತವರಿಗೆ, ಯಾವ ಬಸ್ಸಿಗೆ ಯಾರ ಮನೆಗೆ ಯಾರು ಬಂದರು ಎಂಬುದೆಲ್ಲ ಗೊತ್ತಿರುವ ಹಾಗೆ!

ಕೊನೆಯ ಅಧ್ಯಾಯಕ್ಕೆ ಮೊದಲು ನಿಲ್ಲಿಸಿ, ಯಾರ ಮೇಲೆ ಅನುಮಾನ, ಯಾವ ಸಾಲಿನಿಂದ ಬಂತು ಎಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ಮುಗಿಸಿ. ಕೊಲೆಗಾರನ ಹೆಸರು ಗುಂಪಿನಲ್ಲಿ ಹಾಕುವಂತಿಲ್ಲ, ವಾಯ್ಸ್ ಮೆಸೇಜಿನಲ್ಲೂ ಇಲ್ಲ. ಹಾಕಿದವರು ಎಲ್ಲರಿಗೂ ತೊಡದೇವು ತರಬೇಕು.

ತಿಂಗಳ ಕೊನೆಯ ಭಾನುವಾರ ಸಂಜೆ 4ಕ್ಕೆ, ದೇವಿಕೆರೆ ಹತ್ತಿರದ ನಮ್ಮ ಮನೆಯಲ್ಲಿ. ಕಷಾಯ ನನ್ನ ಲೆಕ್ಕ. ಚೀಟಿ ಮರೆಯಬೇಡಿ.