ಈ ವಾರ: ಒಂದು ಹೂವು, ಒಂದು ರಾತ್ರಿ

ಗೆಳೆಯರೇ, ನಮಸ್ಕಾರ. ಮಳೆ ಬಿದ್ದ ಮೇಲೆ ನಮ್ಮ ಮನೆಯ ಬ್ರಹ್ಮಕಮಲದಲ್ಲಿ ಆರು ಮೊಗ್ಗು ಬಂದಿವೆ. ನಿಮ್ಮಲ್ಲೂ ಬಂದಿರಬೇಕು ಅಲ್ವಾ? ಹಾಗಾಗಿ ಈ ವಾರದ ವಿಷಯ ಅದೇ. (ಹಿಮಾಲಯದ ಬ್ರಹ್ಮಕಮಲ ಬೇರೆ ಗಿಡ. ನಮ್ಮ ಕುಂಡದಲ್ಲಿರುವುದು ಮೆಕ್ಸಿಕೊ ಕಡೆಯಿಂದ ಬಂದ ಕಳ್ಳಿ ಜಾತಿಯದು.)

ಜೋತುಬಿದ್ದ ಮೊಗ್ಗು ಕೊಕ್ಕಿನ ಹಾಗೆ ಮೇಲಕ್ಕೆ ಬಾಗಿ ಉಬ್ಬಿತು ಅಂದರೆ ದಿನ ಹತ್ತಿರ ಬಂತು ಅಂತ ಲೆಕ್ಕ. ರಾತ್ರಿ 8ರ ಸುಮಾರಿಗೆ ತುದಿ ಬಿರಿಯುತ್ತದೆ, ನಡುರಾತ್ರಿಗೆ ಪೂರ್ತಿ ಅರಳಿರುತ್ತದೆ, ಬೆಳಗಾಗುವಷ್ಟರಲ್ಲಿ ಬಾಡಿರುತ್ತದೆ. ಮೊಬೈಲನ್ನು ಒಂದೇ ಜಾಗದಲ್ಲಿ ಇಟ್ಟು ಅರ್ಧ ಗಂಟೆಗೊಂದು ಫೋಟೊ ತೆಗೆಯಿರಿ. ಫ್ಲ್ಯಾಶ್ ಬೇಡ, ಎಸಳು ಸುಣ್ಣ ಬಳಿದ ಹಾಗೆ ಕಾಣುತ್ತದೆ. ಪಕ್ಕದಿಂದ ಟಾರ್ಚ್ ಹಿಡಿದರೆ ಎಸಳಿನ ಸಣ್ಣ ಗೆರೆಗಳೂ ಎದ್ದು ಬರುತ್ತವೆ.

ಬೆಳಗಿನ ಫೋಟೊ ಮಾತ್ರ ದಯವಿಟ್ಟು ಬಿಡಬೇಡಿ. ಒದ್ದೆ ಬಟ್ಟೆಯಂತೆ ಇಳಿಬಿದ್ದ ಆ ಹೂವೇ ನನಗೆ ಜಾಸ್ತಿ ಇಷ್ಟ. ರಾತ್ರಿಯೆಲ್ಲ ಜೊತೆಗಿದ್ದವರಿಗೆ ಅದರ ಅಂದ ಗೊತ್ತಾಗುತ್ತದೆ. ಚಿತ್ರ ಬರೆಯುವವರು ಒಂದೇ ಹಾಳೆಯಲ್ಲಿ ಮೊಗ್ಗು, ಹೂವು, ಬಾಡಿದ್ದು ಮೂರನ್ನೂ ಬರೆದು ಕಳಿಸಿ. ಪೆನ್ಸಿಲ್ ಸಾಕು.

ಭಾನುವಾರ ರಾತ್ರಿಯೊಳಗೆ ಗುಂಪಿಗೆ ಹಾಕಿ, ಪ್ರತಿ ಫೋಟೊದ ಕೆಳಗೆ ಸಮಯ ಬರೆಯಿರಿ. ಮನೆಯಲ್ಲಿ ಗಿಡ ಇಲ್ಲದವರು ನನಗೆ ಹೇಳಿ, ನಮ್ಮಲ್ಲಿ ಅರಳುವ ದಿನ ಬನ್ನಿ.