ಮದ್ದಿಲ್ಲದ 68 ವರ್ಷಗಳು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಚರ್ಚಾಸ್ಪರ್ಧೆಗೆ ಕೊಟ್ಟಿರುವ ವಿಷಯವನ್ನು ಓದಿದೆ. ಮನುಕುಲಕ್ಕೆ ಹೆಚ್ಚು ಒಳಿತು ಮಾಡಿದ್ದು ವಿಜ್ಞಾನವೋ ಧರ್ಮವೋ ಎಂದು ಕೇಳಿದ್ದಾರೆ. ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಆಮೇಲೆ ಆರೋಗ್ಯ ಕೇಂದ್ರಕ್ಕೆ ಹೊರಡುತ್ತಿದ್ದ ಅಮ್ಮ ಯಾರ ಪರ ನಿಲ್ಲುತ್ತಾಳೆ ಎಂದು ನಿನಗೆ ಕುತೂಹಲ. ಇಡೀ ಮನುಕುಲದ ಲೆಕ್ಕ ನನಗೆ ಎಟುಕುವಂಥದ್ದಲ್ಲ. ನಾನು ಹತ್ತಿರದಿಂದ ಬಲ್ಲದ್ದು ಒಂದು ಕಾಯಿಲೆಯನ್ನು, ಕುಷ್ಠವನ್ನು. ನನ್ನ ನೌಕರಿಯ ಬಹುಪಾಲು ಆ ರೋಗಿಗಳ ನಡುವೆಯೇ ಕಳೆಯಿತು. ಅದನ್ನೇ ಹಿಡಿದು ಉತ್ತರಿಸುತ್ತೇನೆ.

1873ರ ಫೆಬ್ರುವರಿಯಲ್ಲಿ ನಾರ್ವೆಯ ಬರ್ಗೆನ್ ಊರಿನಲ್ಲಿ ಗೆರ್ಹಾರ್ಡ್ ಹ್ಯಾನ್ಸೆನ್ ಎಂಬ ವೈದ್ಯರು ರೋಗಿಯ ಮೈಮೇಲಿನ ಗಂಟಿನಿಂದ ತೆಗೆದ ಅಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಡ್ಡಿಯಾಕಾರದ ಬ್ಯಾಕ್ಟೀರಿಯಾಗಳನ್ನು ಗುರುತಿಸಿದರು. ಕುಷ್ಠ ಶಾಪವಲ್ಲ, ವಂಶದಲ್ಲಿ ಹರಿದು ಬರುವುದೂ ಅಲ್ಲ ಎನ್ನುವುದಕ್ಕೆ ಅಲ್ಲಿ ಬುನಾದಿ ಬಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಡೇಮಿಯನ್ ಎಂಬ ಬೆಲ್ಜಿಯಂನ ಪಾದ್ರಿಯೊಬ್ಬರು ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಬಂದಿಳಿದರು. ಕಾಯಿಲೆ ಬಂದವರನ್ನು ಮನೆಮಂದಿಯಿಂದ ಬಿಡಿಸಿ ತಂದು ಹಾಕುತ್ತಿದ್ದ ಜಾಗ ಅದು. ಅವರು ಗಾಯ ತೊಳೆದರು, ಮನೆ ಕಟ್ಟಿದರು, ಸತ್ತವರಿಗೆ ಶವಪೆಟ್ಟಿಗೆ ಮಾಡಿ ಗುಂಡಿಯನ್ನೂ ತೋಡಿದರು. ಕೊನೆಗೆ ಅದೇ ಕಾಯಿಲೆಗೆ ತುತ್ತಾಗಿ 1889ರಲ್ಲಿ ತೀರಿಕೊಂಡರು.

ಹ್ಯಾನ್ಸೆನ್ ಅವರ ಶೋಧದಿಂದ ಅಂದು ಒಬ್ಬ ರೋಗಿಗೂ ಗುಣವಾಗಲಿಲ್ಲ. ನಾಟುವಂಥ ಮದ್ದು ಸಿಕ್ಕಿದ್ದು 1941ರಲ್ಲಿ, ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ ಪ್ರೋಮಿನ್ ಎಂಬ ಚುಚ್ಚುಮದ್ದು ಕೊಡಲು ತೊಡಗಿದಾಗ. ನಡುವೆ 68 ವರ್ಷ! ಆ 68 ವರ್ಷ ಕೀವು ಒರೆಸಿದವರು, ಪಕ್ಕದಲ್ಲಿ ಕೂತವರು ಯಾರು? ಕಾರ್ವಿಲ್‌ನಲ್ಲೇ 1896ರಿಂದ ಶುಶ್ರೂಷೆ ಮಾಡುತ್ತಿದ್ದವರು ಕ್ರೈಸ್ತ ಸನ್ಯಾಸಿನಿಯರು. ಗುಣವಾಗುವ ಭರವಸೆಯೇ ಇಲ್ಲದ ದೇಹವನ್ನು ದಿನಾ ಮುಟ್ಟಲು ಏನೋ ಒಂದು ಬಲ ಬೇಕು. ಅವರಿಗೆ ಆ ಬಲ ಬಂದದ್ದು ದೇವರಿಂದ. ಇದನ್ನು ಅಲ್ಲಗಳೆಯುವವರ ಮಾತಿಗೆ ನಾನು ಎಂದಿಗೂ ಒಪ್ಪುವುದಿಲ್ಲ.

ಹಾಗೆಂದು ರೋಗಿಯನ್ನು ಊರಾಚೆ ಅಟ್ಟಿದ್ದು ಯಾವುದು? 'ಹಿಂದಿನ ಜನ್ಮದ ಪಾಪ' ಎಂಬ ಮಾತು. ಬೇರೆ ಧರ್ಮಗಳಲ್ಲೂ ಇದೇ ಅರ್ಥದ ಮಾತುಗಳಿದ್ದವು. ಮೈಯ ಹುಣ್ಣಿಗಿಂತ ಆ ಮಾತೇ ಹೆಚ್ಚು ಜನರ ಬದುಕನ್ನು ತಿಂದಿತು. ವಿಜ್ಞಾನದ ಕೈಯೂ ಶುದ್ಧವಲ್ಲ. ಹ್ಯಾನ್ಸೆನ್ ಅವರೇ ಕಾಯಿಲೆ ಅಂಟುತ್ತದೆಂದು ತೋರಿಸುವ ಹಟದಲ್ಲಿ, ಒಪ್ಪಿಗೆ ಕೇಳದೆ ಒಬ್ಬ ಮಹಿಳೆಯ ಕಣ್ಣಿಗೆ ರೋಗದ ಅಂಶವನ್ನು ಚುಚ್ಚಿದರು. 1880ರಲ್ಲಿ ನ್ಯಾಯಾಲಯ ಅವರ ಆಸ್ಪತ್ರೆಯ ಹುದ್ದೆಯನ್ನು ಕಿತ್ತುಕೊಂಡಿತು. 1897ರಲ್ಲಿ ಬರ್ಲಿನ್‌ನಲ್ಲಿ ಸೇರಿದ ತಜ್ಞರು ರೋಗಿಗಳನ್ನು ಬೇರೆ ಇಡುವುದೇ ಸರಿಯೆಂದರು. ನಮ್ಮ ದೇಶದಲ್ಲಿ 1898ರಲ್ಲಿ ಬಂದ ಕುಷ್ಠರೋಗಿಗಳ ಕಾಯ್ದೆ ರದ್ದಾಗಲು 2016 ಬರಬೇಕಾಯಿತು. ಕುಷ್ಠವನ್ನು ಕಾರಣವೊಡ್ಡಿ ವಿಚ್ಛೇದನ ಕೇಳಲು ಇದ್ದ ಅವಕಾಶವನ್ನು ತೆಗೆದುಹಾಕಿದ್ದು 2019ರಲ್ಲಿ. ಆ ಹೊತ್ತಿಗೆ ಮಾತ್ರೆಯಿಂದ ಪೂರ್ತಿ ಗುಣವಾಗುವ ಕಾಯಿಲೆ ಅದಾಗಿತ್ತು, ನೋಡು.

ನನ್ನ ಕಣ್ಣಿಗೆ ಕಟ್ಟಿದಂತಿರುವ ಒಂದು ಸಂಗತಿ ಹೇಳುತ್ತೇನೆ. ಒಂದು ಹಳ್ಳಿಯ ಪೂಜಾರಿ ಒಬ್ಬ ಹುಡುಗನನ್ನು ತಾವೇ ಕರೆದುಕೊಂಡು ನಮ್ಮ ಕೇಂದ್ರಕ್ಕೆ ಬಂದರು. ಮಂಗಳಾರತಿ ತಟ್ಟೆ ಮುಂದೆ ಬಂದಾಗ ಎಲ್ಲರೂ ಕೈಯನ್ನು ಜ್ವಾಲೆಯ ಮೇಲೆ ಸೋಕಿಸಿ ಥಟ್ಟನೆ ತೆಗೆಯುತ್ತಾರಲ್ಲ, ಈ ಹುಡುಗನ ಕೈ ಉರಿಯ ಮೇಲೇ ನಿಂತಿತ್ತಂತೆ. ಅಂಗೈಯ ಅಂಚಿನಲ್ಲಿ ಬೊಬ್ಬೆ ಎದ್ದಿದ್ದರೂ ಅವನಿಗೆ ಅರಿವಿರಲಿಲ್ಲ. ನಾನು ಅವನ ಕಣ್ಣು ಮುಚ್ಚಿಸಿ ಬಾಲ್‌ಪೆನ್ನಿನ ತುದಿಯಿಂದ ಮುಟ್ಟುತ್ತಾ, ಎಲ್ಲಿ ಮುಟ್ಟಿದೆ ತೋರಿಸಪ್ಪ ಎಂದೆ. ತೋಳಿನಲ್ಲಿ ಸರಿಯಾಗಿ ತೋರಿಸಿದ. ತಾಮ್ರಬಣ್ಣದ ಮಚ್ಚೆಯ ಮೇಲೆ ಮುಟ್ಟಿದಾಗ ಸುಮ್ಮನೆ ಕಾಯುತ್ತಾ ಕೂತ. ಮೊಣಕೈ ಹಿಂದಿನ ನರ ಹುರಿಹಗ್ಗದಂತೆ ದಪ್ಪವಾಗಿತ್ತು. ಕಿರುಬೆರಳೂ ಉಂಗುರದ ಬೆರಳೂ ಮಡಚಿಕೊಳ್ಳಲು ತೊಡಗಿದ್ದವು.

ಈ ಕಾಯಿಲೆ ಬೆರಳನ್ನು ತಿನ್ನುವುದಿಲ್ಲ, ನೋವನ್ನು ಕಸಿದುಕೊಳ್ಳುತ್ತದೆ. ನೋವಿಲ್ಲದವನು ಸುಟ್ಟುಕೊಳ್ಳುತ್ತಾನೆ, ಕೊಯ್ದುಕೊಳ್ಳುತ್ತಾನೆ, ಹುಣ್ಣಾದ ಕಾಲಿನಲ್ಲೇ ನಡೆಯುತ್ತಾನೆ. ವೆಲ್ಲೂರಿನಲ್ಲಿ ಇದನ್ನು ಮನಗಾಣಿಸಿದವರು ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್. ರಾತ್ರಿ ಬೆರಳು ಕಾಣೆಯಾಗುವುದೇಕೆಂದು ಕಾದು ನೋಡಿದರೆ, ಮಲಗಿದವರ ಮರಗಟ್ಟಿದ ಬೆರಳನ್ನು ಇಲಿಗಳು ಕಡಿಯುತ್ತಿದ್ದವು. ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರು. ಮಡಚಿದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಿದರು. ಅವರು ಪಕ್ಕಾ ವಿಜ್ಞಾನಿ, ಅಷ್ಟೇ ದೃಢವಾದ ದೈವಭಕ್ತರು.

ಹುಡುಗನಿಗೆ ಒಂದು ವರ್ಷದ ಮಾತ್ರೆ ಶುರುವಾಯಿತು. ತಿಂಗಳಿಗೊಮ್ಮೆ ನಮ್ಮೆದುರಿಗೇ ನುಂಗುವುದು, ಉಳಿದವು ಮನೆಯಲ್ಲಿ. ಮೂತ್ರ ಕೆಂಪಾಗುತ್ತದೆ, ಮೈ ಕಪ್ಪಾಗುತ್ತದೆ, ಹೆದರಬೇಡ ಎಂದು ಮೊದಲೇ ಹೇಳಿದ್ದೆ. ಆದರೂ ಮೈ ಕಪ್ಪಾದಾಗ ಅವನ ತಾಯಿ ಮಾತ್ರೆ ನಿಲ್ಲಿಸಲು ಹೊರಟರು. ನನ್ನ ಮಾತು ನಾಟಲಿಲ್ಲ, ಪೂಜಾರಿಯ ಮಾತು ನಾಟಿತು. ಅವರು ಹುಡುಗನನ್ನು ದೇವಸ್ಥಾನದಲ್ಲಿ ಎಲ್ಲರ ಸಾಲಿನಲ್ಲೇ ನಿಲ್ಲಿಸಿ, ಅವನ ಅಂಗೈಗೆ ತೀರ್ಥ ಹಾಕಿದರು. ಊರು ಅದನ್ನು ನೋಡಿತು.

ಆದರೂ ಒಂದನ್ನೇ ಆರಿಸು ಎಂದರೆ ನಾನು ವಿಜ್ಞಾನವನ್ನೇ ಆರಿಸುತ್ತೇನೆ, ಮಗಳೇ. ಡೇಮಿಯನ್ ಅವರ ಅಷ್ಟೂ ಪ್ರೀತಿಯಿಂದ ಒಬ್ಬರ ಕಾಯಿಲೆಯೂ ವಾಸಿಯಾಗಲಿಲ್ಲ, ಅವರದ್ದೂ ಆಗಲಿಲ್ಲ. ನಮ್ಮ ಕೇಂದ್ರದಲ್ಲಿ ಮಾತ್ರೆ ಇಲ್ಲದಿದ್ದರೆ ಆ ಪೂಜಾರಿಯ ಒಳ್ಳೆಯತನ ಆ ಹುಡುಗನ ಬೆರಳನ್ನು ಉಳಿಸುತ್ತಿರಲಿಲ್ಲ. ಡ್ಯಾಪ್ಸೋನ್ ಎಂಬ ಕುಷ್ಠದ ಮದ್ದೊಂದನ್ನೇ ಕೊಟ್ಟಾಗ ರೋಗಾಣು ಅದಕ್ಕೆ ಬಗ್ಗದಾಯಿತು. ವಿಜ್ಞಾನ ಅದನ್ನು ಮುಚ್ಚಿಡಲಿಲ್ಲ. 1981ರಲ್ಲಿ ಮೂರು ಮದ್ದುಗಳನ್ನು ಕೂಡಿಸಿ ಕೊಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು, 1995ರಿಂದ ಅವನ್ನು ಬಿಟ್ಟಿಯಾಗಿಯೇ ಹಂಚಿತು. 'ಪಾಪದ ಫಲ' ಎಂಬ ಮಾತನ್ನು ಮಾತ್ರ ಅಷ್ಟೇ ಗಟ್ಟಿಯಾಗಿ ಯಾರೂ ಹಿಂತೆಗೆದುಕೊಂಡಿಲ್ಲ. ಬಸ್ ನಿಲ್ದಾಣದಲ್ಲಿ ನಿಂತು ಕೇಳು, ಇನ್ನೂ ಕಿವಿಗೆ ಬೀಳುತ್ತದೆ. ದೀಪ ಹಚ್ಚುವವಳಾಗಿ ನನಗೆ ಇದು ನೋವಿನ ವಿಷಯ.

ನೀನು ವಿಜ್ಞಾನದ ಪರವೇ ಮಾತನಾಡು. ಆದರೆ ಎದುರು ಪಕ್ಷದವರು ಆ 68 ವರ್ಷಗಳ ವಿಷಯ ಎತ್ತದಿದ್ದರೆ ನೀನೇ ಎತ್ತು. ಅದರಿಂದ ಅಂಕ ಕಳೆದುಹೋದರೂ ಪರವಾಗಿಲ್ಲ. ಸ್ಪರ್ಧೆ ಮುಗಿದ ಮೇಲೆ ಅವರು ಏನು ಉತ್ತರ ಕೊಟ್ಟರೆಂದು ವಿವರವಾಗಿ ಬರೆ, ನನಗೆ ಅದನ್ನು ತಿಳಿಯುವ ಆಸೆಯಿದೆ.

ಇಂತಿ ನಿನ್ನ,
ಅಮ್ಮ