ಎಸ್.ಪಿ. ರೋಡಿನ ಆ ಹುಡುಗನಿಗೆ ಥ್ಯಾಂಕ್ಸ್

ನಮ್ಮ ಏರಿಯಾದ ವಾಲಿಬಾಲ್ ಮ್ಯಾಚ್‌ಗಳನ್ನು ಭಾನುವಾರ ಯೂಟ್ಯೂಬ್‌ನಲ್ಲಿ ಲೈವ್ ಕೊಡಬೇಕಿತ್ತು. ಶನಿವಾರ ಟ್ರಯಲ್ ನೋಡಿದರೆ ಚಿತ್ರ ಬಂದು ಬಂದು ಹೋಗುತ್ತಿತ್ತು. ಕ್ಯಾಮೆರಾ ಮಹಡಿ ಮೇಲೆ, ಲ್ಯಾಪ್‌ಟಾಪ್ ಕೆಳಗೆ ಸ್ಕೋರರ್ ಪಕ್ಕ, ನಡುವೆ 30 ಮೀಟರ್ ವೈರ್.

ಅವತ್ತೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಓಡಿದೆ. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿ ತೆರೆಯಲ್ಲ, ಅಲ್ವಾ? ಒಂದು ಅಂಗಡಿಯ ಹುಡುಗ ಅರ್ಧ ಇಳಿಸಿದ್ದ ಶಟರನ್ನು ನನಗಾಗಿ ಮತ್ತೆ ಎತ್ತಿದ. “ಅಣ್ಣಾ, ಇಷ್ಟುದ್ದಕ್ಕೆ ಚಿತ್ರ ಸಾಗಿಸೋಕೆ ಸಾದಾ ಎಚ್‌ಡಿಎಂಐ ಕೇಬಲ್ ತಡೆಯಲ್ಲ. ಎರಡೂ ತುದಿಗೆ ಎಕ್ಸ್‌ಟೆಂಡರ್ ಡಬ್ಬಿ ಹಾಕಿ, ಮಧ್ಯೆ ಕ್ಯಾಟ್ 6 ನೆಟ್‌ವರ್ಕ್ ವೈರ್ ಎಳೀರಿ” ಅಂದ. ಜಾಸ್ತಿ ಬೆಲೆಯ ವೈರ್‌ಲೆಸ್ ಸೆಟ್ ಎದುರಿಗೇ ಇತ್ತು. ಅದರ ಮಾತೇ ಎತ್ತಲಿಲ್ಲ.

ಆ ವೈರಿನೊಳಗಿನ ಎಂಟು ಎಳೆಗಳನ್ನು ಬಣ್ಣ ನೋಡಿ ಜೋಡಿಸಿ, ಉಗುರಿನಿಂದ ನೀವಿ ನೇರ ಮಾಡಿ, ಕನೆಕ್ಟರ್‌ಗೆ ತೂರಿಸಿ ಒತ್ತಿ ಕ್ರಿಂಪ್ ಮಾಡಿದ. ಟೆಸ್ಟರ್‌ನಲ್ಲಿ ದೀಪಗಳು ಸಾಲಾಗಿ ಹತ್ತಿದವು. ಹೋದ ಜೀವ ಬಂದಂತಾಯಿತು. ಅದಲು ಬದಲಾಗದಿರಲಿ ಅಂತ ಎರಡು ಡಬ್ಬಿಗಳಿಗೂ ಟೇಪ್ ಅಂಟಿಸಿ ‘ಕ್ಯಾಮೆರಾ’, ‘ಲ್ಯಾಪ್‌ಟಾಪ್’ ಎಂದು ಬರೆದ. ಒಂದಿಷ್ಟು ಕೇಬಲ್ ಟೈ ಸುಮ್ನೆ ಕೊಟ್ಟ. “ವೈರನ್ನ ಟೇಬಲ್ ಕಾಲಿಗೆ ಕಟ್ಟಿ, ಯಾರಾದ್ರೂ ಎಡವಿದ್ರೆ ಪಿನ್ ಕಿತ್ಕೊಂಡು ಬರಲ್ಲ.”

ಹೆಸರು ಕೇಳುವಷ್ಟರಲ್ಲಿ ಬಸ್ ಹಿಡಿಯಲು ಓಡಿದ್ದ. ತಮ್ಮಾ, ಫೈನಲ್‌ವರೆಗೂ ಚಿತ್ರ ಒಮ್ಮೆಯೂ ಹೋಗಲಿಲ್ಲ. ನಮ್ಮ ಕಾಮೆಂಟರಿ ಬಗ್ಗೆ ಮಾತ್ರ ಕೇಳಬೇಡ.